ಕಪಿಲೆಯಿಂದ ಕೊಳವೆಬಾವಿಗೆ: ಉಪ್ಪುನೀರು ಮತ್ತು ನಮ್ಮ ಮೋಟರು

ಬೆಳ್ಳಿಹಬ್ಬದ ಸಂಚಿಕೆಗೆ ನಮ್ಮೂರ ನೀರಾವರಿಯ ಚರಿತ್ರೆ ಬರೆಯಬೇಕೆಂದು ಹಿರಿಯರು ಅಪ್ಪಣೆ ಮಾಡಿದರು. ತಿಳಿದಷ್ಟನ್ನು ಬರೆದಿದ್ದೇವೆ.

ಹೊನ್ನೂರಿನ ಹಳಬರ ಕಾಲಕ್ಕೆ ಎತ್ತು, ಮಿಣಿ, ತೊಗಲಿನ ಬಾನೆ ಇದ್ದ ಕಪಿಲೆಯೇ ಗತಿ. ಬಾನೆ ಬಿರಿಯದಂತೆ ಎಣ್ಣೆ ಹಚ್ಚಿ ಕಾಪಾಡುತ್ತಿದ್ದರು. 1902ರಲ್ಲೇ ಹತ್ತಿರದ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ಆದರೆ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನಮ್ಮ ಹೊಲಗಳಿಗೆ ಡೀಸೆಲ್ ಇಂಜಿನ್, ಆಮೇಲೆ ಕರೆಂಟು ಮೋಟರು, ಕೊನೆಗೆ ಕೊಳವೆಬಾವಿ ಬಂದವು.

ನಮ್ಮ ಕೊಳವೆಬಾವಿಯಲ್ಲಿ ಸಿಕ್ಕಿದ್ದು ಉಪ್ಪುನೀರು. ಒಂದು ಬೇಸಿಗೆ ಮೋಟರು ಮೇಲೆತ್ತುವಾಗ ಜಿಐ ಪೈಪು ಜಾಯಿಂಟಿನಲ್ಲೇ ಮುರಿಯಿತು. ಮೋಟರು ಬಾವಿಯ ತಳಕ್ಕೆ ಹೋಯಿತು, ಸಾಲದ ಕಂತು ಮಾತ್ರ ನಮ್ಮ ತಲೆಯ ಮೇಲೆ ಉಳಿಯಿತು. ಆ ವರ್ಷ ಬೆಳೆಯೂ ಒಣಗಿತು.

ಕಬ್ಬಿಣಕ್ಕೆ ನೀರು, ಗಾಳಿ ಸೇರಿದರೆ ತುಕ್ಕು. ನೀರಿನಲ್ಲಿ ಉಪ್ಪಿದ್ದರೆ ಅದು ಬೇಗ ಹರಡುತ್ತದೆ. ಜಿಐ ಪೈಪಿನ ಮೇಲಿರುವ ಸತುವಿನ ಲೇಪ ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಮರೆ ಕೊರೆದ ಕಡೆ ಆ ಲೇಪ ಹೋಗಿರುವುದರಿಂದ ಜಾಯಿಂಟೇ ಮೊದಲು ಕೆಡುವುದು.

ಈ ಕಷ್ಟವನ್ನು ನಮಗಿಂತ ಚೆನ್ನಾಗಿ ಬಲ್ಲವರು ಕಡಲಿಗೆ ಹೋಗುವವರು. 1824ರಲ್ಲಿ ಹಂಫ್ರಿ ಡೇವಿ ಎಂಬ ಇಂಗ್ಲೆಂಡಿನ ವಿಜ್ಞಾನಿ, ಹಡಗಿನ ತಾಮ್ರದ ತಗಡಿಗೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ಆ ತುಂಡು ಸವೆದು ತಾಮ್ರ ಉಳಿಯುತ್ತದೆಂದು ತೋರಿಸಿದ. ಇಂದಿಗೂ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಮೋಟರಿಗೆ ಸತುವಿನ ತುಂಡು ಇರುತ್ತದೆ. ಅದು ಸವೆದಾಗ ಬದಲಿಸಬೇಕು. ದಡಕ್ಕೆ ಬಂದ ಮೇಲೆ ಮೋಟರಿನೊಳಗೆ ಸಿಹಿನೀರು ಹಾಯಿಸಿ ಉಪ್ಪು ತೊಳೆಯಬೇಕು. ಖರ್ಚು ಅಲ್ಪ, ಉಳಿಯುವುದು ದುಡಿಮೆಯ ಮೋಟರು.

ನಾವೂ ಕಲಿತದ್ದುಂಟು. ಸಬ್‌ಮರ್ಸಿಬಲ್‌ನಲ್ಲಿ ನೀರು ತುಂಬುವ ಮೋಟರಾದರೆ ಇಳಿಸುವ ಮುಂಚೆ ಶುದ್ಧ ಸಿಹಿನೀರನ್ನೇ ತುಂಬಬೇಕು. ಎತ್ತಿದಾಗಲೆಲ್ಲ ಮರೆಗಳನ್ನು ನೋಡಿ, ತಿಂದು ಹೋದ ಪೈಪನ್ನು ತೆಗೆದುಬಿಡಬೇಕು. ಉಪ್ಪುನೀರಿರುವ ಕಡೆ ಯುಪಿವಿಸಿ ಕಾಲಂ ಪೈಪು ಹಾಕಿದರೆ ಪೈಪಿನ ತುಕ್ಕಿನ ಮಾತೇ ಇಲ್ಲ. ಜೊತೆಗೆ ಮೋಟರಿಗೊಂದು ಗಟ್ಟಿ ನೈಲಾನ್ ಹಗ್ಗ ಕಟ್ಟಿರಲಿ. ಆ ಹಗ್ಗ ಒಂದಿದ್ದಿದ್ದರೆ ನಮ್ಮ ಮೋಟರು ಮೇಲೆ ಬರುತ್ತಿತ್ತೇನೋ.

ಸಂಘ ಸಾಲ ಕೊಡಬಹುದು, ಮೋಟರು ಕಾಯುವವರು ನಾವೇ. ಬಾನೆಗೆ ಎಣ್ಣೆ ಹಚ್ಚಿದ ಹಿರಿಯರ ಬುದ್ಧಿಯನ್ನು ಸದಸ್ಯ ಬಾಂಧವರು ಮರೆಯಬಾರದೆಂದು ನಮ್ಮ ವಿನಂತಿ.