ಅನ್ಯರ ಮಗ್ಗದಲ್ಲಿ ನೇಯುವ ವೈರಾಣು

ವೈರಾಣುವಿಗೆ ಸ್ವಂತ ಮನೆಯಿಲ್ಲ, ಒಲೆಯಿಲ್ಲ, ದುಡಿಯುವ ಕೈಗಳೂ ಇಲ್ಲ. ತನ್ನ ಸಂತತಿಯನ್ನು ಕಟ್ಟಲು ಬೇಕಾದ ಆದೇಶವೊಂದನ್ನು ಪ್ರೋಟೀನಿನ ಕವಚದಲ್ಲಿ ಹೊತ್ತು ತಿರುಗುವ ಧೂಳಿನ ಕಣದಂತಹ ವಸ್ತು ಅದು. ನಮ್ಮ ಜೀವಕೋಶಗಳಲ್ಲಾದರೋ ರೈಬೋಸೋಮ್‌ಗಳೆಂಬ ಅತಿಸೂಕ್ಷ್ಮ ಮಗ್ಗಗಳಿವೆ. ದೇಹಕ್ಕೆ ಬೇಕಾದ ಪ್ರೋಟೀನುಗಳೆಲ್ಲವೂ ಅಲ್ಲಿಯೇ ನೇಯಲ್ಪಡುತ್ತವೆ. ವೈರಾಣುವಿನ ಆದೇಶವು ಒಳಹೊಕ್ಕೊಡನೆ ಅದೇ ಮಗ್ಗಗಳು ವೈರಾಣುವಿನ ಬಟ್ಟೆಯನ್ನು ನೇಯತೊಡಗುತ್ತವೆ. ಈ ಗುಟ್ಟು ಮನುಷ್ಯನಿಗೆ ತಿಳಿದ ಇತಿಹಾಸವು ಮನನಕ್ಕೆ ಯೋಗ್ಯವಾದುದು.

1950ರ ದಶಕದ ಕೊನೆಯಲ್ಲಿ ವಿಜ್ಞಾನಿಗಳಲ್ಲೊಂದು ನಂಬಿಕೆಯಿತ್ತು. ಪ್ರತಿಯೊಂದು ರೈಬೋಸೋಮ್ ತನ್ನೊಳಗೇ ಒಂದು ನಿರ್ದಿಷ್ಟ ಪ್ರೋಟೀನಿನ ನಕ್ಷೆಯನ್ನು ಇಟ್ಟುಕೊಂಡಿದೆ, ಅದನ್ನಲ್ಲದೆ ಬೇರೇನನ್ನೂ ಅದು ನೇಯದು ಎಂದು ಅವರು ಎಣಿಸಿದ್ದರು. ಇದು ನಿಜವಾದರೆ ವೈರಾಣುವು ಮೊದಲು ತನ್ನದೇ ರೈಬೋಸೋಮ್‌ಗಳನ್ನು ಕಟ್ಟಬೇಕು. ಆದರೆ ಬ್ಯಾಕ್ಟೀರಿಯಾಗಳಿಗೆ ಸೋಂಕು ತರುವ ಫೇಜ್ ಎಂಬ ವೈರಾಣುಗಳು ಸುಮಾರು ಅರ್ಧ ಗಂಟೆಯೊಳಗೆ ನೂರಕ್ಕೂ ಹೆಚ್ಚಾಗಿ ಬೆಳೆದು ಹೊರಬರುತ್ತಿದ್ದವು. ಅಲ್ಲದೆ, ಸೋಂಕು ತಗಲಿದ ಬ್ಯಾಕ್ಟೀರಿಯಾದಲ್ಲಿ ವೈರಾಣುವಿನ ಡಿ.ಎನ್.ಎ.ಯನ್ನು ಹೋಲುವ ಅಲ್ಪಾಯುಷಿ ಆರ್.ಎನ್.ಎ. ಒಂದು ಹುಟ್ಟುವುದನ್ನು ಅಮೆರಿಕದ ವೋಲ್ಕಿನ್ ಮತ್ತು ಅಸ್ಟ್ರಕಾನ್ ಅವರು 1956ರಲ್ಲಿಯೇ ತೋರಿಸಿದ್ದರು. ಅದರ ಅರ್ಥ ಮಾತ್ರ ಯಾರಿಗೂ ಹೊಳೆದಿರಲಿಲ್ಲ.

ಅದು ಹೊಳೆದದ್ದು 1960ರ ಏಪ್ರಿಲ್ 15ರಂದು, ಶುಭ ಶುಕ್ರವಾರದ ದಿನ. ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಸಿಡ್ನಿ ಬ್ರೆನ್ನರ್ ಅವರ ಕೋಣೆಯಲ್ಲಿ ಕೆಲವು ಮಿತ್ರರು ಸೇರಿದ್ದರು. ಅವರಲ್ಲಿ ಫ್ರಾನ್ಸಿಸ್ ಕ್ರಿಕ್ ಇದ್ದರು. ಪ್ಯಾರಿಸ್ಸಿನಿಂದ ಬಂದ ಫ್ರಾಂಸ್ವಾ ಜಾಕೋಬ್ ಇದ್ದರು. ಶಸ್ತ್ರಚಿಕಿತ್ಸಕನಾಗಬಯಸಿದ್ದ ಜಾಕೋಬ್, 1944ರಲ್ಲಿ ಯುದ್ಧದಲ್ಲಿ ತೀವ್ರವಾಗಿ ಗಾಯಗೊಂಡು ಆ ಆಸೆಯನ್ನು ತೊರೆದು ಸಂಶೋಧನೆಗೆ ಬಂದವರು. ಅವರು ತಮ್ಮ ಪ್ರಯೋಗಗಳನ್ನು ವಿವರಿಸುತ್ತಿದ್ದಾಗ ಬ್ರೆನ್ನರ್ ಮತ್ತು ಕ್ರಿಕ್ ಅವರಿಗೆ 1956ರ ಆ ಆರ್.ಎನ್.ಎ. ಥಟ್ಟನೆ ನೆನಪಾಯಿತು. ಮಗ್ಗದಲ್ಲಿ ನಕ್ಷೆಯಿಲ್ಲ, ನಕ್ಷೆಯನ್ನು ಹೊತ್ತು ಬರುವ ದೂತನು ಬೇರೆಯೇ ಇದ್ದಾನೆ! ಇಂದು ನಾವು ಸಂದೇಶವಾಹಕ ಆರ್.ಎನ್.ಎ. ಎನ್ನುವುದು ಅದನ್ನೇ.

ಇನ್ನು ಪುರಾವೆ ಬೇಕಿತ್ತು. ಅದೇ ಬೇಸಿಗೆಯಲ್ಲಿ ಬ್ರೆನ್ನರ್ ಮತ್ತು ಜಾಕೋಬ್ ಕ್ಯಾಲಿಫೋರ್ನಿಯಾದ ಮೆಸೆಲ್ಸನ್ ಅವರ ಪ್ರಯೋಗಾಲಯಕ್ಕೆ ಹೋದರು. ಬ್ಯಾಕ್ಟೀರಿಯಾಗಳನ್ನು ಮೊದಲು ಭಾರವಾದ ಸಾರಜನಕ ಮತ್ತು ಇಂಗಾಲವುಳ್ಳ ಆಹಾರದಲ್ಲಿ ಬೆಳೆಸಿ, ಸೋಂಕು ತಗಲಿಸಿದ ಮೇಲೆ ಹಗುರವಾದ ಆಹಾರಕ್ಕೆ ಬದಲಿಸಿದರು. ಸೋಂಕಿನ ಬಳಿಕ ಹೊಸ ರೈಬೋಸೋಮ್‌ಗಳು ಹುಟ್ಟಿದರೆ ಅವು ಹಗುರವಾಗಿರಬೇಕಷ್ಟೆ. ಆದರೆ ಪ್ರಯೋಗದ ದ್ರಾವಣದಲ್ಲಿ ರೈಬೋಸೋಮ್‌ಗಳು ಒಡೆದುಹೋಗುತ್ತಿದ್ದವು. ವಾರಗಳು ವ್ಯರ್ಥವಾದವು. ನಿರಾಶರಾಗಿ ಕಡಲತೀರದಲ್ಲಿ ಕುಳಿತಿದ್ದಾಗ ಬ್ರೆನ್ನರ್ ಒಮ್ಮೆಲೇ ಎದ್ದು, ಮೆಗ್ನೀಸಿಯಮ್ ಸಾಲದಾಗಿದೆ ಎಂದು ಕೂಗಿದರಂತೆ. ಅದನ್ನು ಹೆಚ್ಚಿಸಿದಾಗ ಉತ್ತರ ಸ್ಪಷ್ಟವಾಯಿತು. ಹೊಸ ರೈಬೋಸೋಮ್ ಒಂದೂ ಹುಟ್ಟಿರಲಿಲ್ಲ; ವೈರಾಣುವಿನ ಹೊಸ ಸಂದೇಶವು ಹಳೆಯ, ಭಾರವಾದ ರೈಬೋಸೋಮ್‌ಗಳನ್ನೇ ಸೇರಿತ್ತು. 1961ರ ಮೇ ತಿಂಗಳಲ್ಲಿ ಈ ವಿಷಯ ಪ್ರಕಟವಾಯಿತು.

ಮುಂದೆ ಇನ್ನಷ್ಟು ಉಪಾಯಗಳು ಬೆಳಕಿಗೆ ಬಂದವು. ಪೋಲಿಯೊ ವೈರಾಣುವು ಮೊದಲು ಉದ್ದನೆಯ ಒಂದೇ ಪ್ರೋಟೀನನ್ನು ನೇಯಿಸಿ, ಆಮೇಲೆ ಅದನ್ನು ತುಂಡರಿಸಿ ಬೇಕಾದ ಭಾಗಗಳನ್ನು ಪಡೆಯುವುದು 1968ರಲ್ಲಿ ತಿಳಿಯಿತು. ಕೋಶದ ಸ್ವಂತ ಸಂದೇಶಗಳಿಗೆ ಮಗ್ಗ ಸಿಗದಂತೆಯೂ ಅದು ತಡೆಯೊಡ್ಡುತ್ತದೆ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ವೈರಾಣುವೂ ಹೀಗೆಯೇ ಒಂದೇ ಪ್ರೋಟೀನನ್ನು ನೇಯಿಸಿ ಕತ್ತರಿಸಿಕೊಳ್ಳುತ್ತದೆ. ಎಚ್.ಐ.ವಿ.ಯಲ್ಲಿಯೂ ಇಂತಹ ಕತ್ತರಿಯಿದೆ. ಆ ಕತ್ತರಿಯನ್ನು ಮೊಂಡಾಗಿಸುವ ಔಷಧಿಗಳು 1995ರಿಂದ ಬಳಕೆಗೆ ಬಂದು, ಅಸಂಖ್ಯ ರೋಗಿಗಳ ಆಯುಷ್ಯವನ್ನು ಹೆಚ್ಚಿಸಿವೆ.

ಕಳ್ಳನ ದಾರಿಯನ್ನು ಅರಿತವನು ಅದೇ ದಾರಿಯಲ್ಲಿ ವೈದ್ಯನನ್ನೂ ಕಳುಹಿಸಬಲ್ಲನು. 2021ರಲ್ಲಿ ನಮ್ಮಲ್ಲಿ ಅನೇಕರು ಪಡೆದ ಕೋವಿಶೀಲ್ಡ್ ಲಸಿಕೆಯು, ದೇಹದಲ್ಲಿ ಬೆಳೆಯಲಾರದಂತೆ ಮಾಡಲಾದ ವೈರಾಣುವೊಂದರ ಮೂಲಕ, ಕೊರೋನಾದ ಹೊರಮುಳ್ಳಿನ ನಕ್ಷೆಯನ್ನಷ್ಟೇ ಒಳಗೆ ಕಳುಹಿಸಿತು. ನಮ್ಮ ಕೋಶಗಳೇ ಆ ಮುಳ್ಳನ್ನು ನೇಯ್ದವು. ದೇಹವು ಶತ್ರುವಿನ ಗುರುತನ್ನು ಮುಂಚೆಯೇ ಕಲಿಯಿತು. ಲಸಿಕೆ ಪಡೆಯುವುದು ಪ್ರೀತಿಯ ಕಾರ್ಯವೆಂದು ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸರು ಆ ವರ್ಷ ನೆನಪಿಸಿದರು. ಆದರೂ ಮೊಬೈಲಿನಲ್ಲಿ ಹರಿದುಬಂದ ಸುಳ್ಳು ಸಂದೇಶಗಳನ್ನು ನಂಬಿ ಹಿಂಜರಿದ ಕುಟುಂಬಗಳಿದ್ದವು.

ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ವೈರಿಯು ರಾತ್ರಿವೇಳೆ ಬಂದು ಅನ್ಯರ ಹೊಲದಲ್ಲಿ ಕಳೆ ಬಿತ್ತಿ ಹೋಗುತ್ತಾನೆ. ಮಣ್ಣು ಗೋಧಿಗೂ ಕಳೆಗೂ ಸಮನಾಗಿ ಸಾರ ನೀಡುತ್ತದೆ. ರೈಬೋಸೋಮ್ ಕೂಡ ಹಾಗೆಯೇ. ಬಂದ ಸಂದೇಶ ಯಾರದೆಂದು ಅದು ಕೇಳದು. ಹಾಗೆ ಕೇಳುವ ಶಕ್ತಿಯನ್ನು ದೇವರು ಅದಕ್ಕೆ ಕೊಟ್ಟಿಲ್ಲ, ನಮಗೆ ಕೊಟ್ಟಿದ್ದಾರೆ. ವಿವೇಚನೆಯೆಂಬ ಆ ವರವನ್ನು ಬಳಸದೆ ಕಿವಿಗೆ ಬಿದ್ದುದನ್ನೆಲ್ಲ ನಂಬಿ ಹಂಚಿದರೆ, ನಮ್ಮ ನಾಲಿಗೆಯೇ ಅನ್ಯರ ಮಗ್ಗವಾದೀತು. ಮನೆಯಲ್ಲಿ ಸಂಜೆಯ ಜಪಸರಕ್ಕೆ ಕೂಡುವ ಮುನ್ನ, ಇಂದು ನಮ್ಮೊಳಗೆ ಬಂದ ಸಂದೇಶಗಳು ಯಾರವು, ಅವುಗಳಿಂದ ನಾವು ನೇಯ್ದುದು ಏನು ಎಂದು ಒಂದು ಕ್ಷಣ ಕೇಳಿಕೊಳ್ಳೋಣ.