ಉತ್ತರಕೇದಾರವೂ ದಕ್ಷಿಣಕೇದಾರವೂ

ಕನ್ನಡ ಕಾವ್ಯಗಳಲ್ಲಿ ಬರುವ ಹಿಮವಂತವನ್ನು ಕೇವಲ ವರ್ಣನಾವಸ್ತುವೆಂದು ಹೇಳಿ ಮುಗಿಸುವ ವಾಡಿಕೆ ಪಾಠಪ್ರವಚನಗಳಲ್ಲಿ ಉಂಟು. ಆದರೆ ಕನ್ನಡ ನಾಡಿಗೂ ಹಿಮಗಿರಿಗೂ ಇರುವ ಸಂಬಂಧವು ಕಾವ್ಯಗತವಾದುದು ಮಾತ್ರವಲ್ಲ. ಯಾತ್ರೆಯಿಂದಲೂ ಪೂಜಾಧಿಕಾರದಿಂದಲೂ ಅದು ಪುಷ್ಟವಾಗಿದೆ. ಇದಕ್ಕೆ ಕೇದಾರಕ್ಷೇತ್ರವೇ ಪ್ರಬಲವಾದ ನಿದರ್ಶನ.

ಗಢವಾಲ ಪ್ರಾಂತದಲ್ಲಿ, ಮಂದಾಕಿನಿಯ ಉಗಮಸ್ಥಾನದ ಸಮೀಪದಲ್ಲಿರುವ ಕೇದಾರನಾಥಾಲಯವು ಸಮುದ್ರಮಟ್ಟದಿಂದ ಸುಮಾರು 3,583 ಮೀಟರು ಎತ್ತರದಲ್ಲಿದೆ. ಅದರ ಹಿಂದೆ ನಿಂತ ಹಿಮಾವೃತ ಕೇದಾರಶಿಖರದ ಔನ್ನತ್ಯವು ಸುಮಾರು 6,940 ಮೀಟರು. ಯಾತ್ರಿಕನು ಆ ಶಿಖರವನ್ನು ಏರುವುದಿಲ್ಲ; ಅದರ ತಪ್ಪಲನ್ನು ಸೇರಿ ದರ್ಶನದಿಂದಲೇ ಕೃತಾರ್ಥನಾಗುತ್ತಾನೆ. ಗರ್ಭಗೃಹದ ಲಿಂಗವೂ ಕಡೆದು ಮಾಡಿದುದಲ್ಲ, ಗಿರಿಯಂತೆ ಮೊನೆಯಾದ ಸಹಜಶಿಲೆ. ಆದುದರಿಂದ ಅಲ್ಲಿ ಗಿರಿದರ್ಶನವೂ ಲಿಂಗದರ್ಶನವೂ ಬೇರೆಬೇರೆಯಲ್ಲ.

ಈ ಆಲಯದ ಮುಖ್ಯಾಧಿಕಾರಿಗಳಾದ ರಾವಲರು ಸಂಪ್ರದಾಯಾನುಸಾರವಾಗಿ ದಕ್ಷಿಣದ, ಮುಖ್ಯವಾಗಿ ಕನ್ನಡ ನಾಡಿನ, ವೀರಶೈವ ಜಂಗಮರು. ಪೂಜೆಯನ್ನು ಅವರು ಸ್ವತಃ ಮಾಡದೆ ತಮ್ಮ ಅಧೀನರಾದ ಅರ್ಚಕರಿಂದ ಮಾಡಿಸುತ್ತಾರೆ. ಅವರ ಪೀಠವಾದ ಊಖೀಮಠವು ವೀರಶೈವರ ಪಂಚಪೀಠಗಳಲ್ಲಿ ಒಂದು. ಆಲಯದ ಬಾಗಿಲು ತೆರೆಯುವ ದಿನವನ್ನು ಮಹಾಶಿವರಾತ್ರಿಯಂದು ಅಲ್ಲಿಯೇ ನಿರ್ಣಯಿಸುವರು. ಯಮದ್ವಿತೀಯೆಯಂದು ಬಾಗಿಲು ಮುಚ್ಚಿದ ಮೇಲೆ ಉತ್ಸವಮೂರ್ತಿಯು ಊಖೀಮಠದ ಓಂಕಾರೇಶ್ವರಾಲಯಕ್ಕೆ ಇಳಿದುಬರುತ್ತದೆ. 2013ನೆಯ ಜೂನ್ ತಿಂಗಳಿನ ಜಲಪ್ರಳಯದಲ್ಲಿ ಸುತ್ತಣ ವಸತಿಯೆಲ್ಲ ಹಾಳಾದರೂ ಆಲಯವು ಉಳಿಯಿತು. ಆ ಸೆಪ್ಟೆಂಬರಿನಲ್ಲಿ ಪೂಜೆಯು ಪುನಃ ಪ್ರಾರಂಭವಾಯಿತು.

ಹಿಮಕಾಲದಲ್ಲಿ ದೇವರೇ ಕೆಳಗಿಳಿಯುವನೆಂದಮೇಲೆ, ಅಷ್ಟು ದೂರ ಹೋಗಲಾರದ ಕನ್ನಡ ಭಕ್ತನಿಗೆ ಗತಿಯೇನು? ಬಳ್ಳಿಗಾವೆಯ ಕೇದಾರೇಶ್ವರವು ಈ ಪ್ರಶ್ನೆಗೆ ಉತ್ತರದಂತಿದೆ. ಕಳಚುರಿ ಬಿಜ್ಜಳನ ಕಾಲದ, ಕ್ರಿ. ಶ. 1162ನೆಯ ಶಾಸನವು ಈ ಸ್ಥಾನವನ್ನು ದಕ್ಷಿಣಕೇದಾರವೆಂದು ಕರೆದು, ಅಲ್ಲಿಯ ಕೋಡಿಯಮಠವನ್ನು ವರ್ಣಿಸುತ್ತದೆ. ಅಲ್ಲಿ ವೇದಗಳೂ, ಕೌಮಾರ, ಪಾಣಿನೀಯ, ಶಾಕಟಾಯನ ಮುಂತಾದ ವ್ಯಾಕರಣಗಳೂ, ಷಡ್ದರ್ಶನಗಳೂ, ಪುರಾಣಗಳೂ ವ್ಯಾಖ್ಯಾನಿಸಲ್ಪಡುತ್ತಿದ್ದುವು. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವು. ಮಠದ ಆಚಾರ್ಯಪರಂಪರೆಯಲ್ಲಿ ಕೇದಾರಶಕ್ತಿಯೆಂಬ ಹೆಸರೂ ಕಾಣುತ್ತದೆ.

ಇಷ್ಟರಿಂದಲೇ ಬಳ್ಳಿಗಾವೆಯ ಮಠವನ್ನು ಊಖೀಮಠದ ಮೂಲವೆಂದು ಸಾಧಿಸಹೊರಡುವುದು ಯುಕ್ತವಲ್ಲ. ಅಲ್ಲಿಯ ಆಚಾರ್ಯರು ಕಾಳಾಮುಖರು; ರಾವಲರು ವೀರಶೈವರು. ನಾಮಸಾಮ್ಯವು ವಂಶಪ್ರಮಾಣವಾಗದು. ಆದರೂ ಒಂದು ಸಂಗತಿ ನಿಸ್ಸಂದೇಹವಾಗಿ ಸಿದ್ಧಿಸುತ್ತದೆ: ದಕ್ಷಿಣಕೇದಾರವೆಂದು ಹೆಸರಿಡುವವನಿಗೆ ಉತ್ತರಕೇದಾರದ ಮಹಿಮೆ ಗೊತ್ತಿರಲೇಬೇಕು. ಹನ್ನೆರಡನೆಯ ಶತಮಾನದ ಕನ್ನಡಿಗನಿಗೆ ಕೇದಾರವು ಬರಿಯ ಕವಿಸಮಯವಾಗಿರಲಿಲ್ಲ. ಹೆಸರೂ ದಿಕ್ಕೂ ಉಳ್ಳ ಕ್ಷೇತ್ರವಾಗಿದ್ದಿತು. ಹಿಮವಂತದ ವರ್ಣನೆಯನ್ನು ಪಾಠಹೇಳುವವರು ಕಾವ್ಯದೊಡನೆ ಈ ಶಾಸನವನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.