ಗುಂಡು ಜಿಂಕೆಗೆ, ಸೀಸ ಮನೆಮಂದಿಗೆ

ಅಮೆರಿಕದ ಹಳ್ಳಿಗಾಡಿನ ಎಷ್ಟೋ ಮನೆಗಳಲ್ಲಿ ಶರತ್ಕಾಲದಲ್ಲಿ ಹೊಡೆದ ಜಿಂಕೆಯ ಮಾಂಸ ಫ್ರೀಜರ್ ಸೇರಿ ವರ್ಷವಿಡೀ ಅಡುಗೆಗೆ ಒದಗುತ್ತದೆ. ಅಂಗಡಿಯ ಮಾಂಸಕ್ಕಿಂತ ಇದು ಶುದ್ಧ, ಮಕ್ಕಳಿಗೆ ಕಣ್ಣುಮುಚ್ಚಿ ಬಡಿಸಬಹುದು ಎಂಬುದು ಬೇಟೆಗಾರರ ಹೆಮ್ಮೆ. ಅದರಲ್ಲೇ ಸೀಸ ಇದೆಯೆಂದರೆ ಅವರು ಸಿಟ್ಟಾದದ್ದು ಸಹಜ.

ಸೀಸದ ಮೇಲಿನ ದೂರು ಹಳೆಯದು. ಆದರೆ ಆ ದೂರು ಇದ್ದದ್ದು ಹಕ್ಕಿಗಳ ಪರವಾಗಿ. ನೀರಿನ ತಳದಲ್ಲಿ ಬಿದ್ದ ಚರೆಗಳನ್ನು ನುಂಗಿ ಬಾತುಗಳು ಸಾಯುತ್ತಿವೆಯೆಂದು ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲೇ ಬರೆದಿದ್ದರು. ನೀರುಹಕ್ಕಿ ಬೇಟೆಗೆ ಸೀಸದ ಚರೆ ದೇಶದಾದ್ಯಂತ ನಿಷೇಧವಾಗಲು 1991 ಬರಬೇಕಾಯಿತು. ಆಮೇಲಿನ ಸರದಿ ಕ್ಯಾಲಿಫೋರ್ನಿಯಾದ ಕಾಂಡೋರ್‌ನದು. 1982ರ ಹೊತ್ತಿಗೆ ಇಪ್ಪತ್ತೆರಡಕ್ಕೆ ಇಳಿದಿದ್ದ ಈ ರಣಹದ್ದು, ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋದ ಕರುಳು ತಿಂದು ವಿಷವೇರಿ ಸಾಯುತ್ತಿತ್ತು. ಹೊಡೆದ ಜಿಂಕೆಗಳನ್ನು ಹಕ್ಕಿಗಳ ಸಂರಕ್ಷಣೆಗೆ ದುಡಿಯುವ ಪೆರಿಗ್ರಿನ್ ಫಂಡ್ ಸಂಸ್ಥೆಯ ಸಂಶೋಧಕರು ಎಕ್ಸ್‌ರೇಗೆ ಒಡ್ಡಿದ್ದು ಅದರ ಚಿಂತೆಯಿಂದಲೇ. 2006ರಲ್ಲಿ ಪ್ರಕಟವಾದ ಆ ಚಿತ್ರಗಳಲ್ಲಿ ಗಾಯದ ಸುತ್ತ ಬಿಳಿ ಚುಕ್ಕೆಗಳು ಹಿಮದಂತೆ ಚೆಲ್ಲಿದ್ದವು.

ಮಾಮೂಲಿ ರೈಫಲ್ ಗುಂಡಿನ ಹೊಟ್ಟೆಯಲ್ಲಿ ಮೆತ್ತನೆಯ ಸೀಸ, ಮೇಲೆ ತಾಮ್ರದ ತೆಳು ಹೊದಿಕೆ. ಮೂಳೆಗೋ ಸ್ನಾಯುವಿಗೋ ಬಡಿದೊಡನೆ ಅದು ಅಣಬೆಯಂತೆ ಅರಳಬೇಕೆಂದೇ ಹಾಗೆ ಮಾಡಿರುತ್ತಾರೆ. ಅರಳುವಾಗ ನೂರಾರು ಚೂರುಗಳನ್ನು ಉದುರಿಸುತ್ತದೆ. ಹಲವು ಚೂರುಗಳು ಹಲ್ಲಿಗೂ ಸಿಗದಷ್ಟು ಸಣ್ಣವು. ರಕ್ತ ಹೆಪ್ಪುಗಟ್ಟಿದ ಭಾಗ ಕತ್ತರಿಸಿ ಎಸೆದು ಉಳಿದದ್ದನ್ನು ತೊಳೆದರೆ ಆಯಿತು ಎಂಬುದು ತಲೆಮಾರುಗಳ ನಂಬಿಕೆಯಾಗಿತ್ತು. ಮಿನೆಸೋಟಾ ರಾಜ್ಯದ ಪ್ರಯೋಗ ಎರಡನ್ನೂ ಸುಳ್ಳು ಮಾಡಿತು: ಚೂರುಗಳು ಗಾಯದಿಂದ ಒಂದು ಅಡಿಗೂ ಆಚೆ ಸಿಕ್ಕವು, ನೀರು ಹಾಯಿಸಿದರೆ ಇನ್ನಷ್ಟು ಕಡೆ ಹರಡಿದವು.

ಹಕ್ಕಿಗಳ ಪ್ರಶ್ನೆ ಅಡುಗೆಮನೆಯ ಪ್ರಶ್ನೆಯಾದದ್ದು 2008ರಲ್ಲಿ. ನಾರ್ತ್ ಡಕೋಟಾದ ಚರ್ಮವೈದ್ಯ, ಸ್ವತಃ ಬೇಟೆಗಾರ ವಿಲಿಯಂ ಕಾರ್ನಾಟ್ಜರ್, ಬಡವರಿಗೆ ಹಂಚಲು ದಾನ ಬಂದಿದ್ದ ಜಿಂಕೆ ಖೀಮಾದ ಸುಮಾರು ನೂರು ಪೊಟ್ಟಣಗಳನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಲೋಹ ಹೊಳೆಯಿತು. ಆ ಮಾಂಸವನ್ನು ಎಸೆಯಿರೆಂದು ಆರೋಗ್ಯ ಇಲಾಖೆ ಸೂಚಿಸಿತು. ವೈದ್ಯರು ಪೆರಿಗ್ರಿನ್ ಫಂಡ್‌ನ ಆಡಳಿತ ಮಂಡಳಿಯಲ್ಲೂ ಇದ್ದದ್ದರಿಂದ, ಇದು ಬೇಟೆ ನಿಲ್ಲಿಸುವ ಹುನ್ನಾರ ಎಂದವರಿಗೇನೂ ಕೊರತೆಯಾಗಲಿಲ್ಲ. ಮರುವರ್ಷವೇ ಮತ್ತೊಂದು ಅಧ್ಯಯನ ಹೊರಬಂತು. 30 ಜಿಂಕೆಗಳನ್ನು ಮಾಂಸದಂಗಡಿಗಳಲ್ಲಿ ಕೊಚ್ಚಿಸಿ ನೋಡಿದರೆ 24ರ ಖೀಮಾದಲ್ಲಿ ಗುಂಡಿನ ಚೂರು. ಅದನ್ನು ತಿನ್ನಿಸಿದ ಹಂದಿಗಳ ರಕ್ತದಲ್ಲಿ ಎರಡೇ ದಿನಕ್ಕೆ ಸೀಸ ಏರಿತ್ತು.

ಮನುಷ್ಯರ ಲೆಕ್ಕ ಇಷ್ಟು ನೇರವಾಗಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನಾರ್ತ್ ಡಕೋಟಾದ 738 ಮಂದಿಯ ರಕ್ತ ಪರೀಕ್ಷಿಸಿದಾಗ, ಬೇಟೆಮಾಂಸ ತಿನ್ನುವವರಲ್ಲಿ ಸೀಸ ಡೆಸಿಲೀಟರಿಗೆ ಸರಾಸರಿ 0.3 ಮೈಕ್ರೊಗ್ರಾಂ ಹೆಚ್ಚಿತ್ತು. ಆಗಿನ ಎಚ್ಚರಿಕೆಯ ಮಟ್ಟವಾದ 10ನ್ನು ಯಾರೂ ಮುಟ್ಟಿರಲಿಲ್ಲ. ಗದ್ದಲ ಸುಳ್ಳೆಂದು ಒಂದು ಪಕ್ಷ ಬೀಗಿತು. ಆದರೆ ಆ ಮಟ್ಟವೇ ಮಕ್ಕಳಿಗೆ 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ದೊಡ್ಡವರ ಸರಾಸರಿಯನ್ನು ಹಿಡಿದು ಮಗುವಿನ ತಟ್ಟೆಯನ್ನು ಅಳೆಯುವುದೇ ತಪ್ಪು ಎಂದು ನನಗನಿಸುತ್ತದೆ: ನುಂಗಿದ ಸೀಸದಲ್ಲಿ ಮಗುವಿನ ದೇಹ ಅರ್ಧದಷ್ಟನ್ನು ಹೀರಬಲ್ಲದು, ದೊಡ್ಡವರ ದೇಹ ಹತ್ತರಲ್ಲೊಂದು ಪಾಲನ್ನು. ಬಸುರಿಯ ಮೂಳೆಯಲ್ಲಿ ಕೂತ ಸೀಸ ಹೊಟ್ಟೆಯ ಕೂಸಿಗೂ ಇಳಿಯುತ್ತದೆ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಬಳಿಕ ಶಿಕಾರಿ ಬಹುಮಟ್ಟಿಗೆ ಅಪರಾಧವಾದ್ದರಿಂದ ಸೀಸದ ಮಾತು ಪೇಂಟು, ಬ್ಯಾಟರಿ, ಪೆಟ್ರೋಲಿನ ಸುತ್ತಲೇ ನಡೆಯಿತು.)

ತಮಾಷೆಯೆಂದರೆ, ಪರಿಹಾರ ಆಗಲೇ ಅಂಗಡಿಯಲ್ಲಿತ್ತು. ಬಾರ್ನ್ಸ್ ಕಂಪನಿಯ ರಾಂಡಿ ಬ್ರೂಕ್ಸ್ ಪೂರ್ತಿ ತಾಮ್ರದ ಗುಂಡನ್ನು 1989ರಲ್ಲೇ ಮಾರುಕಟ್ಟೆಗೆ ತಂದಿದ್ದರು. ಆಗ ಅವರ ತಲೆಯಲ್ಲಿದ್ದದ್ದು ಮಕ್ಕಳ ಆರೋಗ್ಯವಲ್ಲ. ಕರಡಿಯಂಥ ದೊಡ್ಡ ಪ್ರಾಣಿಯ ಮೈಯಲ್ಲಿ ಒಡೆಯದೆ ಆಳಕ್ಕಿಳಿಯುವ ಗುಂಡು ಬೇಕಿತ್ತು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕದ ಗುಂಡು ಉದ್ದವಾಗುತ್ತದೆ. ಹಳೆಯ ಕೆಲವು ಕೋವಿಗಳ ನಳಿಗೆಗೆ ಅದು ಒಗ್ಗುವುದಿಲ್ಲ. ಬೆಲೆಯೂ ಹೆಚ್ಚು. ಹೊಸ ಗುಂಡಿಗೆ ತಕ್ಕಂತೆ ಗುರಿಯನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ಕಾನೂನು ನಿಧಾನವಾಗಿ ಹಿಂದೆ ಬಂತು. ಕ್ಯಾಲಿಫೋರ್ನಿಯಾ 2019ರಿಂದ ಎಲ್ಲ ಬೇಟೆಗೂ ಸೀಸ ನಿಷೇಧಿಸಿತು; 1996ರಲ್ಲೇ ಸೀಸದ ಚರೆ ಬಿಟ್ಟಿದ್ದ ಡೆನ್ಮಾರ್ಕ್ 2024ರಲ್ಲಿ ರೈಫಲ್ ಗುಂಡನ್ನೂ ಕೈಬಿಟ್ಟಿತು. ಅರಿಜೋನಾ ಒತ್ತಾಯ ಮಾಡದೆ ಕಾಂಡೋರ್ ಇರುವ ಕಾಡಿನ ಬೇಟೆಗಾರರಿಗೆ ಸೀಸರಹಿತ ಗುಂಡನ್ನು ಉಚಿತವಾಗಿ ಹಂಚಿತು, ಬಹುತೇಕರು ಒಪ್ಪಿದರು. ಬ್ರಿಟನ್ನಿನ ಬೇಟೆ ಸಂಘಗಳು ಐದು ವರ್ಷದಲ್ಲಿ ತಾವಾಗಿಯೇ ಬಿಡುತ್ತೇವೆಂದು 2020ರಲ್ಲಿ ಮಾತುಕೊಟ್ಟವು. ಗಡುವು ಮುಗಿದಾಗಲೂ ಮಾರಾಟಕ್ಕೆ ಬಂದ ಫೆಸೆಂಟ್ ಹಕ್ಕಿಗಳಲ್ಲಿ ಸಿಕ್ಕಿದ್ದು ಬಹುಪಾಲು ಸೀಸದ ಚರೆಯೇ. ಉಪದೇಶದ ಜೊತೆಗೆ ಒಂದು ಪೆಟ್ಟಿಗೆ ತೋಟಾ ಕೈಗಿಟ್ಟವರ ದಾರಿಯೇ ಹೆಚ್ಚು ದೂರ ಸಾಗಿದೆ. ಮೊಲ, ಅಳಿಲು ಹೊಡೆಯುವ .22 ಕೋವಿಗೆ ಮಾತ್ರ ಅಗ್ಗವೂ ಗುರಿ ತಪ್ಪದ್ದೂ ಆದ ಸೀಸರಹಿತ ಗುಂಡು ಇನ್ನೂ ಸುಲಭವಾಗಿ ಸಿಗುತ್ತಿಲ್ಲ.